1932ರ ಫೋರ್ಡ್ ರೋಡ್‌ಸ್ಟರ್‌ಗೆ ಯಾವ ಬಾಡಿ: ಹೆನ್ರಿಯ ತಗಡೋ, ಹೊಸ ಉಕ್ಕೋ, ಫೈಬರೋ?

ಹಾಟ್‌ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು) ಕಟ್ಟಲು 1932ರ ಫೋರ್ಡ್ ರೋಡ್‌ಸ್ಟರ್, ಅಂದರೆ ಗಟ್ಟಿ ಛಾವಣಿಯಿಲ್ಲದ ತೆರೆದ ಕಾರು, ಬೇಕೆಂದು ಹೊರಟವರಿಗೆ ಅಮೆರಿಕದಲ್ಲಿ ಇವತ್ತು ಮೂರು ದಾರಿಗಳಿವೆ. ಹೆನ್ರಿ ಫೋರ್ಡ್‌ನ ಕಾರ್ಖಾನೆಯಿಂದಲೇ ಬಂದ ಅಸಲಿ ಕಾರನ್ನು ಹುಡುಕಿ ತಂದು ತಮಗೆ ಬೇಕಾದ ಹಾಗೆ ಕತ್ತರಿಸಿ ಕಟ್ಟುವುದು ಒಂದು. ಅದೇ ಅಳತೆಯಲ್ಲಿ ಹೊಸದಾಗಿ ಅಚ್ಚೊತ್ತಿದ ಉಕ್ಕಿನ ಬಾಡಿ ಕೊಳ್ಳುವುದು ಎರಡನೆಯದು. ಫೈಬರ್‌ಗ್ಲಾಸ್ ಬಾಡಿ ಮೂರನೆಯದು. ಇಲ್ಲಿ ಮುಖ್ಯವಾಗಿ ತೂಗಿ ನೋಡುತ್ತಿರುವುದು ಎರಡನೆಯದನ್ನು, ಅದರಲ್ಲೂ ಓಹಾಯೋದ ಬ್ರೂಕ್‌ವಿಲ್ ರೋಡ್‌ಸ್ಟರ್ ಕಂಪನಿಯ ಬಾಡಿಯನ್ನು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಪೂರ್ತಿಯಾಗಿ ಉಳಿದಿರುವ ಅಸಲಿ ಕಾರಿಗೆ ಗ್ಯಾಸ್ ಕಟ್ಟರ್ ತೋರಿಸಬೇಡಿ, ಹೊಸ ಉಕ್ಕಿನ ಬಾಡಿ ಕೊಳ್ಳಿ, ಮತ್ತು ಅದನ್ನು ಹೊಸದು ಎಂದೇ ಕರೆಯಿರಿ.

ಈ ಒಂದೇ ವರ್ಷದ ಕಾರಿಗೆ ಇಷ್ಟು ಬೇಡಿಕೆ ಯಾಕೆ? 1932ರ ಮಾರ್ಚ್ 31ರಂದು ಹೊರಬಂದ ಮಾಡೆಲ್ 18ರಲ್ಲಿ 221 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 3.6 ಲೀಟರಿನ ಫ್ಲಾಟ್‌ಹೆಡ್ (ವಾಲ್ವ್‌ಗಳು ಬ್ಲಾಕಿನಲ್ಲೇ ಇರುವ) ವಿ8 ಎಂಜಿನ್ ಇತ್ತು; ಶಕ್ತಿ 65 ಅಶ್ವ. ನಾಲ್ಕು ಸಿಲಿಂಡರಿನದು ಮಾಡೆಲ್ ಬಿ. ಹಿಂದಿನ ಮಾಡೆಲ್ ಎಯಲ್ಲಿ ಪೆಟ್ರೋಲ್ ಟ್ಯಾಂಕ್ ಡ್ಯಾಶ್‌ಬೋರ್ಡಿನ ಮುಂದೆ, ಕೂತವರ ಮೊಣಕಾಲಿನ ಹತ್ತಿರವೇ ಇರುತ್ತಿತ್ತು. 1932ರಲ್ಲಿ ಅದು ಹಿಂದಕ್ಕೆ ಹೋಯಿತು. ಗಾಲಿಗಳ ನಡುವಿನ ಅಂತರ 103.5ರಿಂದ 106 ಇಂಚಿಗೆ ಏರಿತು. ಇದೆಲ್ಲಕ್ಕಿಂತ ಮುಖ್ಯ ಚಾಸಿ, ಅಂದರೆ ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟು. ಅದರ ಎರಡು ಪಕ್ಕದ ಉದ್ದ ತೊಲೆಗಳ, ಅಂದರೆ ರೈಲುಗಳ, ಹೊರಮೈಯಲ್ಲಿ ಅಚ್ಚೊತ್ತಿದ ಒಂದು ಗೆರೆ ಓಡುತ್ತದೆ, ರೈಲು ಹೊರಗೇ ಕಾಣುತ್ತದೆ, ಅದೇ ಕಾರಿನ ಕೆಳಗಿನ ಅಂಚು. ಹೀಗಾಗಿ ಮಡ್‌ಗಾರ್ಡ್ ಬಿಚ್ಚಿದರೂ ಕಾರು ಬೋಳಾಗಿ ಕಾಣುವುದಿಲ್ಲ. 1933ರಲ್ಲಿ ವಿನ್ಯಾಸವೇ ಬದಲಾಯಿತು.

ಕತ್ತರಿಸುವ ಚಟ ಇವತ್ತಿನದಲ್ಲ. ಇಂಥ ಕಾರುಗಳ ವೇಗದ ಓಟ ನಡೆಸುವ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 1937ರಲ್ಲೇ ಹುಟ್ಟಿತು. ಮ್ಯೂರಾಕ್, ಎಲ್ ಮಿರಾಜ್‌ನ ಒಣಕೆರೆಗಳ ಮೇಲೆ ಓಡಿಸಲು ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ರೋಡ್‌ಸ್ಟರ್‌ಗಳ ಮಡ್‌ಗಾರ್ಡು, ಮುಂದಿನ ಗಾಜು, ಟಾಪು ಕಿತ್ತು ತೂಕ ಇಳಿಸುತ್ತಿದ್ದರು. ಆಗ ಅವು ಬರೀ ಹಳೆ ಕಾರುಗಳು. ಹಾಗೆ ಕಟ್ಟಿದ ಕಾರುಗಳಿಗೆ ಈಗ ಅವುಗಳದೇ ಚರಿತ್ರೆ ಇದೆ. 1948ರ ಅಕ್ಟೋಬರ್‌ನ ‘ಹಾಟ್ ರಾಡ್’ ಪತ್ರಿಕೆಯ ಮುಖಪುಟಕ್ಕೆ ಬಂದ ಬಾಬ್ ಮೆಗೀಯ ರೋಡ್‌ಸ್ಟರ್ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಯಲ್ಲಿ ಸೇರಿದೆ. 1997ರಲ್ಲಿ ಪೆಬಲ್ ಬೀಚ್ ಕಾಂಕೋರ್ಸ್ ಎಂಬ ಹಳೆಯ ಕಾರುಗಳ ಪ್ರದರ್ಶನ ಸ್ಪರ್ಧೆ ಮೊದಲ ಸಲ ಹಾಟ್‌ರಾಡ್‌ಗಳಿಗೆ ವಿಭಾಗ ತೆರೆದಾಗ ಗೆದ್ದದ್ದು ಡೋನ್ ಸ್ಪೆನ್ಸರ್ ಕಟ್ಟಿದ 1932ರ ರೋಡ್‌ಸ್ಟರ್. ಅಂಥ ಕಾರನ್ನು ಇವತ್ತು ‘ಮೂಲಸ್ಥಿತಿಗೆ ತರುತ್ತೇವೆ’ ಎಂದು ಹೊರಡುವುದೂ, ಅಸಲಿ ಕಾರನ್ನು ಇವತ್ತು ಕತ್ತರಿಸುವಷ್ಟೇ ದೊಡ್ಡ ಅಪಚಾರ. ಆದರೆ 1948ರ ಹುಡುಗನಿಗೆ ಹೊಸ ಬಾಡಿ ಕೊಳ್ಳುವ ಅವಕಾಶ ಇರಲಿಲ್ಲ. ಇವತ್ತಿನವರಿಗೆ ಇದೆ. ಹಾಗಾಗಿ ‘ಹಿಂದಿನವರೂ ಕತ್ತರಿಸಿದ್ದರಲ್ಲ’ ಎಂಬ ವಾದ ನಮಗೆ ಒಪ್ಪಿಗೆಯಿಲ್ಲ.

ಮಾರ್ಪಾಡೆಲ್ಲವೂ ಒಂದೇ ಅಲ್ಲ ಎನ್ನುವುದನ್ನು ಕತ್ತರಿಸಿ ಕಟ್ಟುವವರು, ಅಸಲಿಯೇ ಉಳಿಯಬೇಕು ಎನ್ನುವವರು, ಎರಡೂ ಪಕ್ಷದವರು ಮರೆಯುತ್ತಾರೆ. 1932ರ ಕಾರಿಗೆ ಬರುವುದು ಸಲಾಕೆಯಿಂದ ಎಳೆಯುವ ಮೆಕ್ಯಾನಿಕಲ್ ಬ್ರೇಕು. ಅದರ ಜಾಗಕ್ಕೆ 1939ರಿಂದ 48ರವರೆಗಿನ ಫೋರ್ಡ್‌ಗಳ ಹೈಡ್ರಾಲಿಕ್ ಬ್ರೇಕು ಕೂರಿಸುವುದು, ಮುಂದಿನ ಆಕ್ಸಲ್ ಬದಲಿಸಿ ಮೂತಿ ಇಳಿಸುವುದು, 1949–53ರ ಫ್ಲಾಟ್‌ಹೆಡ್ ಎಂಜಿನ್ ಹಾಕುವುದು, ಕರೆಂಟನ್ನು 12 ವೋಲ್ಟ್‌ಗೆ ಏರಿಸುವುದು ಇವೆಲ್ಲ ನಟ್ಟು ಬೋಲ್ಟಿನ ಕೆಲಸ. ಬಿಚ್ಚಿದ ಭಾಗಗಳಿಗೆ ಎಣ್ಣೆ ಸವರಿ, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ಮಾಲೀಕ ಎರಡು ವಾರದಲ್ಲಿ ಕಾರನ್ನು ಮೊದಲಿನಂತೆ ಮಾಡಬಹುದು. ಹಿಂದಿರುಗಲಾಗದ ಕೆಲಸಗಳೇ ಬೇರೆ: ಫ್ಲೋರ್ ಕತ್ತರಿಸಿ ಬಾಡಿಯನ್ನು ಚಾಸಿಯ ಮೇಲೆ ಕೆಳಕ್ಕೆ ಇಳಿಸುವ ಚಾನೆಲಿಂಗ್, ಚಾಸಿಯ ಹಿಂಭಾಗ ತುಂಡರಿಸಿ ಎತ್ತಿ ಬೆಸೆಯುವ ‘ಝಡ್’ ಆಕಾರದ ಕಟ್, ಮಧ್ಯದ ಕೆ ಆಕಾರದ ಅಡ್ಡತೊಲೆ ಕಿತ್ತುಹಾಕುವುದು, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲ್ ಕೊರೆಯುವುದು. ಕೊನೆಯದಕ್ಕೆ ಹೆಚ್ಚಾಗಿ ಕಾರಣ ಷೆವ್ರೊಲೆಯ ಸ್ಮಾಲ್‌ಬ್ಲಾಕ್ ವಿ8. ಅದರ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟು ಹಂಚುವ ಭಾಗ) ಎಂಜಿನ್ನಿನ ಹಿಂಭಾಗದಲ್ಲಿದೆ, ಫೈರ್‌ವಾಲಿಗೆ ತಾಗುತ್ತದೆ. ಫೋರ್ಡ್ ಸ್ಮಾಲ್‌ಬ್ಲಾಕಿನಲ್ಲಿ ಅದು ಮುಂದಿರುವುದರಿಂದ ಗೋಡೆ ಉಳಿಯುತ್ತದೆ. ಎಂಜಿನ್ ಆರಿಸುವಾಗ ಇಷ್ಟು ಯೋಚಿಸಿದರೂ ಒಂದು ಅಸಲಿ ಫೈರ್‌ವಾಲ್ ಉಳಿದೀತು.

ಇನ್ನು ‘ಅಸಲಿ’ ಎಂದು ಮಾರುವ ಸರಕಿನ ವಿಷಯ. ಬಾಗಿಲಿನ ಕೆಳಗಿನ ಐದಾರು ಇಂಚು, ಕೌಲಿನ (ಬಾಗಿಲಿನ ಮುಂದೆ, ಮುಂದಿನ ಗಾಜಿನ ಕೆಳಗಿನ ಬಾಡಿ ಭಾಗ) ಕೆಳತುದಿ, ಬಾಗಿಲಿನ ಹಿಂದಿನ ಪಕ್ಕದ ತಗಡಾದ ಕ್ವಾರ್ಟರ್ ಪ್ಯಾನೆಲ್ ಗಾಲಿಯ ಹಿಂದೆ ಕೆಳಕ್ಕೆ ತಿರುಗುವ ಜಾಗ, ಡಿಕ್ಕಿಯ ತಳ, ಬಾಡಿಯ ಅಡಿಯ ಸಬ್‌ರೈಲು, ನೀರು ಕೂರುವ ಈ ಜಾಗಗಳಲ್ಲಿ ತುಕ್ಕು ಖಚಿತ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಅದು ಜಾರಿ ಬಿದ್ದಲ್ಲಿ ಒಳಗೆ ಪುಟ್ಟಿ ಇದೆ ಅಥವಾ ಸೀಸ ಇದೆ. ಸೀಸವಾದರೆ ಭಯವಿಲ್ಲ, ಹಳೆಯ ಟಿಂಕರಿಂಗ್‌ನವರು ಅದನ್ನೇ ತುಂಬುತ್ತಿದ್ದರು. ಆದರೆ ಅದನ್ನು ಕೆರೆದು ತೆಗೆಯುವಾಗ ಮಾಸ್ಕ್ ಬೇಕು, ಧೂಳು ಎಬ್ಬಿಸಬಾರದು, ಗ್ರೈಂಡರ್ ಬೇಡವೇ ಬೇಡ. ಸಬ್‌ರೈಲನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಕೇಳಿ: ಗಟ್ಟಿ ಲೋಹ ಕಣಕಣ ಎನ್ನುತ್ತದೆ, ತುಕ್ಕಿನ ಪದರ ತುಂಬಿದ್ದು ಮಂಕಾಗಿ ಸದ್ದು ಮಾಡುತ್ತದೆ. ಸಬ್‌ರೈಲು ಎರಡೂ ಹೋಗಿದ್ದರೆ, ಕೌಲು ಮತ್ತು ಕ್ವಾರ್ಟರ್ ಕೆಳಭಾಗವೂ ಹೋಗಿದ್ದರೆ, ಅಲ್ಲಿ ಹೆನ್ರಿಯ ಉಕ್ಕು ಎಂದು ಉಳಿಯುವುದು ಸೊಂಟದ ಗೆರೆಯ (ಬಾಗಿಲಿನ ಮೇಲಂಚಿನ ಹತ್ತಿರ ಬಾಡಿಯ ಉದ್ದಕ್ಕೂ ಓಡುವ ಉಬ್ಬುಗೆರೆ) ಮೇಲಿನ ತಗಡಷ್ಟೇ.

ಬ್ರೂಕ್‌ವಿಲ್‌ನವರು ಇಲ್ಲಿಯೇ ಉಪಯೋಗಕ್ಕೆ ಬರುವುದು, ಅದೂ ಎರಡೂ ಪಕ್ಷಕ್ಕೆ. ಈ ಕಂಪನಿ ಶುರುವಾದದ್ದು ಮಾಡೆಲ್ ಎ ಕಾರುಗಳ ರಿಪೇರಿ ತಗಡು ಮಾಡುತ್ತ. ಪೂರ್ತಿ ಬಾಡಿ ಬಂದದ್ದು ಆಮೇಲೆ. ಬಾಡಿಯ ಒಂದೊಂದು ತಗಡೂ ಬಿಡಿಯಾಗಿಯೂ ಸಿಗುತ್ತದೆ. ‘ನಕಲಿ ಬಾಡಿಗಳು ಬಂದು ಅಸಲಿಯ ಮಾನ ಕಳೆದವು’ ಎನ್ನುವ ಶುದ್ಧಾಚಾರಿಯೂ ತನ್ನ ಕಾರಿನ ಬಾಗಿಲಿನ ತಳಕ್ಕೆ ತಗಡು ತರಿಸುವುದು ಇಂಥ ಕಡೆಯಿಂದಲೇ. ಬಾಡಿ ಕೊಳ್ಳುವವರು ಇಲ್ಲದಿದ್ದರೆ ಆ ಬಿಡಿ ತಗಡಿನ ಅಚ್ಚುಗಳಿಗೆ ಹಾಕಿದ ಹಣ ಹುಟ್ಟುತ್ತಿರಲಿಲ್ಲ.

ಬೆಲೆ ಹತ್ತು ಸಾವಿರ ಡಾಲರಿನ ಗಡಿ ದಾಟಿಯೇ ಇರುತ್ತದೆ. ಅದು ಬರೀ ಬಾಡಿಗೆ. ಚಾಸಿ, ಎಂಜಿನ್, ಬಾನೆಟ್, ಗ್ರಿಲ್ ಶೆಲ್ (ರೇಡಿಯೇಟರ್ ಸುತ್ತಲಿನ ಮುಂಭಾಗದ ಕವಚ), ಗಾಜು, ಸೀಟು ಬೇರೆ. ಆದರೂ ತುಕ್ಕು ತಿಂದ ಅಸಲಿ ಬಾಡಿಯೊಂದರ ಬೆಲೆಗೆ ಟಿಂಕರಿಂಗ್ ಕೂಲಿಯ ಗಂಟೆಗಳನ್ನು ಸೇರಿಸಿ ನೋಡಿದರೆ ಹೊಸದು ಎಷ್ಟೋ ಸಲ ಅಗ್ಗವೇ. ಆದರೆ ಡಬ್ಬ ಒಡೆದು ಬೋಲ್ಟು ಹಾಕಿ ಓಡಿಸುವ ವಸ್ತು ಇದಲ್ಲ. ಯಾವ ಕಂಪನಿಯ ಉಕ್ಕಿನ ಬಾಡಿಯೇ ಇರಲಿ, ಬಂದ ದಿನ ನೋಡಬೇಕಾದ್ದು ಇಷ್ಟು. ಸೊಂಟದ ಗೆರೆ ಕೌಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಕ್ವಾರ್ಟರಿಗೆ ಮುರಿಯದೆ ಹರಿಯುತ್ತದೆಯೇ? ಡಿಕ್ಕಿಯ ಮುಚ್ಚಳದ ಉಬ್ಬು ಪಕ್ಕದ ತಗಡಿನ ಉಬ್ಬಿಗೆ ಹೊಂದುತ್ತದೆಯೇ? ಎರಡೂ ಕಡೆ ಕೌಲಿನಿಂದ ಎದುರು ಮೂಲೆಗೆ ಕರ್ಣ ಅಳೆದರೆ ಒಂದೇ ಬರುತ್ತದೆಯೇ? ಅಲ್ಪಸ್ವಲ್ಪ ವ್ಯತ್ಯಾಸ ಟಿಂಕರಿಂಗ್‌ನಲ್ಲಿ ಸರಿಹೋಗುತ್ತದೆ. ಗೆರೆಯೇ ತಪ್ಪಿದ್ದರೆ ಬೇರೇನೂ ಮುಟ್ಟದೆ, ಫೋಟೋ ತೆಗೆದು ಮಾರಿದವರಿಗೆ ಕಳಿಸಿ. ಒಂದು ತೂತು ಕೊರೆದ ಮೇಲೆ ವಾಪಸ್ ಕೇಳುವುದು ಕಷ್ಟ.

ಬಾಡಿ ಕೂರಿಸುವ ಹಂತವೇ ಇಡೀ ಕೆಲಸದ ಜೀವಾಳ, ಅವಸರದಲ್ಲಿ ಹೆಚ್ಚಿನವರು ಕೆಡಿಸುವುದೂ ಇಲ್ಲೇ. ರೋಡ್‌ಸ್ಟರ್‌ಗೆ ಛಾವಣಿ ಇಲ್ಲ, ಬಾಗಿಲಿನ ಜಾಗದಲ್ಲಿ ಇಡೀ ಬಾಡಿಯನ್ನು ಹಿಡಿದಿರುವುದು ಕೆಳಗಿನ ಸಬ್‌ರೈಲೊಂದೇ. ಚಾಸಿ ಹೇಗೆ ಬಾಗುತ್ತದೋ ಬಾಡಿಯೂ ಹಾಗೆಯೇ ಬಾಗುತ್ತದೆ. ಆದ್ದರಿಂದ ಮೊದಲು ಚಾಸಿಯನ್ನು ಸಮತಟ್ಟಾದ ನೆಲದಲ್ಲಿ ಅದರ ಗಾಲಿಗಳ ಮೇಲೋ, ಆಕ್ಸಲ್ ಕೆಳಗಿನ ಸ್ಟ್ಯಾಂಡ್ ಮೇಲೋ ನಿಲ್ಲಿಸಿ. ಎಂಜಿನ್, ಗೇರ್‌ಬಾಕ್ಸಿನ ಭಾರ ಮೇಲಿರಲಿ. ಚಾಸಿಯ ಕರ್ಣಗಳು 3 ಮಿಲಿಮೀಟರಿಗಿಂತ ಹೆಚ್ಚು ತಪ್ಪಬಾರದು. ಕೊನೆಗೆ ಉಳಿಯಬೇಕಾದ ರಬ್ಬರ್ ಪ್ಯಾಡನ್ನೇ ಈಗಲೂ ಹಾಕಿ, ಬಾಡಿ ಇಳಿಸಿ, ಬೋಲ್ಟುಗಳನ್ನು ಕೈಬಿಗಿಯಷ್ಟೇ ಮಾಡಿ. ಬಾಗಿಲಿನ ಲಾಕು, ಅದು ಸಿಕ್ಕಿಕೊಳ್ಳುವ ಸ್ಟ್ರೈಕರ್, ರಬ್ಬರ್ ಬೀಡಿಂಗ್ ತೆಗೆದಿಡಿ. ಅವು ಬಾಗಿಲನ್ನು ಎಳೆದು ಹಿಡಿದು ನಿಜ ಸ್ಥಿತಿ ಮುಚ್ಚಿಡುತ್ತವೆ. ಈಗ ಬಾಗಿಲಿನ ಹಿಂದಿನ ಗ್ಯಾಪ್ ನೋಡಿ. ಮೇಲೆ ಬಿಗಿ, ಕೆಳಗೆ ಸಡಿಲ ಇದ್ದರೆ ಬಾಡಿ ನಡುವೆ ಕುಸಿದಿದೆ: ಬಾಗಿಲಿನ ಕೆಳಗಿನ ಮೌಂಟುಗಳಿಗೆ ಪ್ಯಾಕಿಂಗ್ ಸೇರಿಸಿ. ಮೇಲೆ ಸಡಿಲ, ಕೆಳಗೆ ಬಿಗಿ ಇದ್ದರೆ ನಡು ಉಬ್ಬಿದೆ: ಅಲ್ಲಿಯ ಪ್ಯಾಕಿಂಗ್ ತೆಗೆಯಿರಿ ಅಥವಾ ಎರಡು ತುದಿಗಳಿಗೆ ಕೊಡಿ. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಬೇಡ. ಪ್ರತಿ ಬದಲಾವಣೆಯ ನಂತರ ಬೋಲ್ಟು ಬಿಗಿ ಮಾಡಿ ಮತ್ತೆ ನೋಡಬೇಕು, ಯಾಕೆಂದರೆ ಬಿಗಿದಾಗ ಗ್ಯಾಪ್ ಮತ್ತೆ ಅಲುಗುತ್ತದೆ.

ಸುತ್ತಲೂ 5 ಮಿಲಿಮೀಟರ್ ಗ್ಯಾಪ್ ಇಟ್ಟುಕೊಳ್ಳುವುದು ಕ್ಷೇಮ. ಕಾರ್ಖಾನೆಯ ಕಾಲದಲ್ಲಿ ಇಷ್ಟು ಸಮನಾಗಿ ಇರುತ್ತಲೇ ಇರಲಿಲ್ಲ ಎನ್ನುವುದು ಬೇರೆ ಮಾತು. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಎರಡು ಅಂಚಿನಿಂದ ಅರ್ಧ ಮಿಲಿಮೀಟರ್ ತಿಂದುಬಿಡುತ್ತವೆ. ತಗಡಿನ ಮೇಲೆ 3 ಮಿಲಿಮೀಟರ್ ಇಟ್ಟು ಚಂದ ನೋಡಿದವರು ಮೊದಲ ಗುಂಡಿ ಬಿದ್ದ ರಸ್ತೆಯಲ್ಲೇ ಅಂಚಿನ ಬಣ್ಣ ಕಳೆದುಕೊಳ್ಳುತ್ತಾರೆ. ಪ್ಯಾಕಿಂಗ್‌ಗಳಿಗೆ ಜಾಗದ ನಂಬರ್ ಬರೆದಿಡಿ, ಬಣ್ಣಕ್ಕೆ ಬಾಡಿ ಎತ್ತಿ ಮತ್ತೆ ಇಳಿಸುವಾಗ ಅದಿಲ್ಲದೆ ಪೂರ್ತಿ ಕೆಲಸ ಮೊದಲಿನಿಂದ.

ಆಮೇಲೆ ಬಾನೆಟ್. ರೇಡಿಯೇಟರ್, ಗ್ರಿಲ್ ಶೆಲ್, ಬಾನೆಟ್, ಕೌಲು, ಈ ಸಾಲಿನಲ್ಲಿ ಇಡೀ ಕಾರಿನ ತಪ್ಪುಗಳ ಮೊತ್ತ ಕಾಣಿಸುತ್ತದೆ. ಚಾಸಿ ಒಬ್ಬರದು, ಶೆಲ್ ಇನ್ನೊಬ್ಬರದು, ಬಾನೆಟ್ ಮೂರನೆಯವರದು ಆದರೆ ಪ್ರತಿಯೊಂದರ ಒಂದೆರಡು ಮಿಲಿಮೀಟರ್ ಸೇರಿ ಕೊನೆಗೆ ಬೆರಳು ತೂರುವಷ್ಟಾಗುತ್ತದೆ. ಚಾಸಿ ರೈಲುಗಳ ಮಟ್ಟಿಗೆ ಅಮೆರಿಕನ್ ಸ್ಟ್ಯಾಂಪಿಂಗ್ ಕಾರ್ಪೊರೇಷನ್ ಒತ್ತಿದವು ಎಷ್ಟೋ ಅಂಗಡಿಗಳ ಚಾಸಿಗೆ ಆಧಾರ. ಆ ಗೆರೆ ಸರಿಯಾಗಿ ಮೂಡಿದ ರೈಲು ಬೇಕೆಂದರೆ ಅದನ್ನೇ ಕೇಳಿ ಪಡೆಯಿರಿ. ಬಾನೆಟ್ ಕೂರಿಸಿ ನೋಡದೆ ಬಾಡಿಯನ್ನು ಬಣ್ಣಕ್ಕೆ ಕಳಿಸಬೇಡಿ.

ಹೊಸ ಉಕ್ಕಿಗೆ ತುಕ್ಕು ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ಬರಿ ತಗಡಾಗಿ ಬಂದ ಬಾಡಿಯ ಮೇಲೆ ಎಣ್ಣೆಯ ಪದರ ಇರುತ್ತದೆ: ಗ್ರೀಸ್ ರಿಮೂವರ್‌ನಿಂದ ಎರಡು ಸಲ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಿ, 80 ನಂಬರಿನ ಎಮರಿಯಿಂದ ಗೀರಿ, ಮತ್ತೆ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಎರಡು ಕೋಟು. ಆಸಿಡ್ ಇರುವ ಎಚಿಂಗ್ ಪ್ರೈಮರ್ ಕೆಳಗೆ ಹಾಕಿ ಮೇಲೆ ಎಪಾಕ್ಸಿ ಹೊಡೆಯುವ ಪದ್ಧತಿ ಬೇಡ, ಹಿಡಿತ ಬಿಟ್ಟು ಹಾಳೆ ಹಾಳೆಯಾಗಿ ಏಳಬಹುದು. ಬೆಸುಗೆ ಕೆಲಸಕ್ಕೆ ಮಿಗ್ ವೆಲ್ಡಿಂಗ್ ಆದರೆ 0.6 ಮಿಲಿಮೀಟರ್ ತಂತಿ, ಒಂದು ಟಾಕಿ ಇಲ್ಲಿ, ಇನ್ನೊಂದು ಅಂಗೈ ಅಗಲ ದೂರದಲ್ಲಿ, ಕೈಯಿಟ್ಟು ನೋಡುವಷ್ಟು ತಣ್ಣಗಾದ ಮೇಲೆ ಮುಂದಿನದು. ಉದ್ದಕ್ಕೆ ಒಂದೇ ಗೆರೆ ಎಳೆದರೆ ಕ್ವಾರ್ಟರ್ ಪ್ಯಾನೆಲ್ ಹಪ್ಪಳದಂತೆ ಅಲೆಯಾಗುತ್ತದೆ. ಸ್ಪಾಟ್‌ವೆಲ್ಡ್ ಆದ ಎರಡು ತಗಡಿನ ನಡುವೆ ಬಣ್ಣ ಹೋಗುವುದಿಲ್ಲ, ಅಲ್ಲಿ ಸೀಮ್ ಸೀಲರ್ ಎಳೆದು, ಬಣ್ಣ ಮುಗಿದ ಮೇಲೆ ಬಾಗಿಲಿನ ಒಳಗೆ, ಸಬ್‌ರೈಲಿನ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ. ಬಾಗಿಲಿನ ತಳದ ನೀರಿನ ತೂತು ಸೀಲರ್‌ನಿಂದ ಮುಚ್ಚಿಹೋಗದಂತೆ ನೋಡಿ. ಅಸಲಿ ಬಾಗಿಲು ಕೊಳೆತದ್ದಕ್ಕೂ ಕಾರಣ ಅದೇ.

ರೋಡ್‌ಸ್ಟರ್ ಬೇಡ, ಮಳೆಗೆ ಆಗುವಂಥದ್ದು ಬೇಕು ಎನ್ನುವವರಿಗೆ ಯುನೈಟೆಡ್ ಪೆಸಿಫಿಕ್ ಕಂಪನಿಯ, ಗಟ್ಟಿ ಛಾವಣಿಯ, ಐದು ಕಿಟಕಿಯ ಕೂಪೆ ಇದೆ, ಫೋರ್ಡ್‌ನಿಂದ ಪರವಾನಗಿ ಪಡೆದ ಉಕ್ಕಿನ ಬಾಡಿ. ಡಿಯರ್‌ಬಾರ್ನ್ ಡ್ಯೂಸ್ ಎಂಬ ಇನ್ನೊಂದು ಹೊಸ ಉಕ್ಕಿನ ಬಾಡಿಗೆ ಏರಿಸಿ ಇಳಿಸುವ ಗಾಜು, ಮಡಚುವ ಟಾಪು ಉಂಟು. ಅಸಲಿ ರೋಡ್‌ಸ್ಟರ್‌ನ ಬಾಗಿಲಲ್ಲಿ ಗಾಜು ಇರಲಿಲ್ಲ, ಪಕ್ಕಕ್ಕೆ ಪರದೆ ಅಷ್ಟೆ. ದಿನನಿತ್ಯ ಓಡಿಸುವವರಿಗೆ ಅದೇ ಲೇಸು, ಅಸಲಿಯ ರೂಪಕ್ಕೆ ಜೋತುಬಿದ್ದವರಿಗೆ ಅಲ್ಲ.

ಫೈಬರ್ ಬಾಡಿಯನ್ನು ಹೀಗಳೆಯುವುದು ಫ್ಯಾಷನ್ ಆಗಿದೆ. ಒರೆಗನ್ನಿನ ವೆಸ್ಕಾಟ್ಸ್‌ನಂಥವರ ಒಳ್ಳೆಯ ಬಾಡಿ ಕೆಟ್ಟ ಉಕ್ಕಿನ ಬಾಡಿಗಿಂತ ಎಷ್ಟೋ ಮೇಲು. ಕಡಿಮೆ ಬೆಲೆಯದರಲ್ಲಿ ತೊಂದರೆ ಎಲ್ಲೆಂದರೆ ಒಳಗಿನ ಅಸ್ಥಿಪಂಜರದಲ್ಲಿ. ಬಾಗಿಲು ತೂಗುವ ಕಂಬದ ಒಳಗೆ ಉಕ್ಕಿನ ಚೌಕಟ್ಟು ಇಲ್ಲದೆ ಬರೀ ಮರದ ತುಂಡು ಇದ್ದರೆ ವರ್ಷದಲ್ಲಿ ಬಾಗಿಲು ಜೋತುಬೀಳುತ್ತದೆ. ಹಿಂಜ್ ಬೋಲ್ಟಿನ ಸುತ್ತ ಜೇಡರ ಬಲೆಯಂತೆ ಬಿರುಕು ಮೂಡಿದರೆ ಅದರ ಸೂಚನೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣ ಮೈಮೇಲೆ ಉಳಿದಿರುತ್ತದೆ. ಸೋಪುನೀರು, ನಂತರ ಗ್ರೀಸ್ ರಿಮೂವರ್‌ನಿಂದ ತೊಳೆದ ಮೇಲೆಯೇ ಎಮರಿ ಹಿಡಿಯಬೇಕು. ಕ್ರಮ ತಪ್ಪಿದರೆ ಮೇಣವನ್ನು ಒಳಕ್ಕೆ ಉಜ್ಜಿದಂತಾಗಿ ಬಣ್ಣದಲ್ಲಿ ಮೀನುಗಣ್ಣಿನಂಥ ಗುಳಿಗಳು ಬೀಳುತ್ತವೆ. ಬಣ್ಣಕ್ಕೆ ಮೊದಲು ಬಾಡಿಯನ್ನು ಚಾಸಿಗೆ ಬಿಗಿದು, ಬಾಗಿಲು ಮುಚ್ಚಿ, ಕೆಲವು ವಾರ ಬಿಸಿಲಿಗೆ ಬಿಡಿ. ರಾಳ ಪೂರ್ತಿ ಕುಗ್ಗಿಕೊಳ್ಳಲಿ. ಇಲ್ಲದಿದ್ದರೆ ಒಳಗಿನ ನೇಯ್ಗೆ, ಜೋಡಣೆಯ ಗೆರೆ ಹೊಳಪಿನ ಮೇಲೆ ಎದ್ದು ಕಾಣುತ್ತವೆ, ಕಪ್ಪು ಬಣ್ಣದಲ್ಲಿ ಇನ್ನೂ ಹೆಚ್ಚು. ಇನ್ನೊಂದು: ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಲೈಟು, ಹಾರ್ನು, ಮೀಟರು, ಟ್ಯಾಂಕಿನ ಗೇಜು ಒಂದೊಂದಕ್ಕೂ ಅರ್ತಿಂಗ್ ತಂತಿ ಎಳೆದು ಒಂದೇ ಕಡೆ ಸೇರಿಸಿ ಬ್ಯಾಟರಿಗೆ ತರಬೇಕು. ಹಿಂದಿನ ಲೈಟು ಮಿಣುಕುವ ಫೈಬರ್ ಕಾರು ಬಂದರೆ ಮೊದಲು ನೋಡುವುದು ಇದನ್ನೇ.

ಕಾಗದಪತ್ರದ ವಿಷಯಕ್ಕೆ ಬಂದರೆ 1932ರ ಫೋರ್ಡ್‌ನ ಗುರುತು ಇರುವುದು ಬಾಡಿಯಲ್ಲಲ್ಲ, ಚಾಸಿಯಲ್ಲಿ. ಎಡ ರೈಲಿನ ಮೇಲ್ಮುಖದಲ್ಲಿ ಮೂರು ಕಡೆ ನಂಬರ್ ಒತ್ತಿರುತ್ತಾರೆ, ನಂಬರಿನ ಎರಡು ತುದಿಗೂ ನಕ್ಷತ್ರದ ಗುರುತು. ವಿ8ಗೆ 18ರಿಂದ ಶುರು, ನಾಲ್ಕು ಸಿಲಿಂಡರಿನದಕ್ಕೆ ಎಬಿಯಿಂದ. ಬಾಡಿ ಕೂತಿದ್ದರೆ ಹಿಂದಿನವು ಕಾಣುವುದಿಲ್ಲ, ಎತ್ತಿದರೆ ಮಾತ್ರ. ತುಕ್ಕು ಹಿಡಿದಿದ್ದರೆ ತುಕ್ಕು ಕರಗಿಸುವ ದ್ರಾವಣ ಹಚ್ಚಿ ಒರೆಸಿ, ಗ್ರೈಂಡರ್ ಹಿಡಿಯಬೇಡಿ. ಗೀರಿದ ನಂಬರ್ ತಿದ್ದಿದ ನಂಬರಿನಂತೆಯೇ ಕಾಣುತ್ತದೆ. ಅಸಲಿ ಚಾಸಿಯ ಮೇಲೆ ಹೊಸ ಬಾಡಿ ಕೂರಿಸಿದವರ ಬಳಿ ಆ ಚಾಸಿಯ ಹಕ್ಕುಪತ್ರ ಇದ್ದರೆ ದಾರಿ ಸುಗಮ. ಚಾಸಿಯೂ ಹೊಸದಾದರೆ ರಾಜ್ಯ ಕೊಡುವ ನಂಬರ್ ಪಡೆದು, ವಿಶೇಷವಾಗಿ ಕಟ್ಟಿದ ವಾಹನ ಎಂದು ದಾಖಲಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 100 ಕಾನೂನಿನಡಿ ವರ್ಷಕ್ಕೆ 500 ಕಾರುಗಳಿಗೆ, ಬಾಡಿ ಯಾವ ವರ್ಷದ್ದನ್ನು ಹೋಲುತ್ತದೋ ಆ ವರ್ಷದ ಹೊಗೆ ನಿಯಮ ಅನ್ವಯಿಸುತ್ತದೆ. ಇಡೀ ಕಾರನ್ನೇ ಸಿದ್ಧಪಡಿಸಿ ಮಾರುವ ಸಣ್ಣ ಕಂಪನಿಗಳಿಗೆ 2015ರ ಫೆಡರಲ್ ಕಾಯ್ದೆ ವರ್ಷಕ್ಕೆ 325 ಪ್ರತಿಕೃತಿಗಳ ಮಿತಿ ಇಟ್ಟಿದೆ. ಯಾವುದೋ ಸತ್ತ ಕಾರಿನ ಕಾಗದ ಕೊಂಡು ಆ ನಂಬರನ್ನು ಹೊಸ ರೈಲಿಗೆ ಒತ್ತಿಸುವ ಅಡ್ಡದಾರಿ ಹಿಡಿದರೆ, ಅದೇ ನಂಬರಿನ ಅಸಲಿ ಚಾಸಿ ಯಾರದೋ ಕೊಟ್ಟಿಗೆಯಿಂದ ಎದ್ದುಬಂದ ದಿನ ಕಾರೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಚಾಸಿಯೇ ಇಲ್ಲದ, ಬಾಡಿಯೇ ಎಲ್ಲವೂ ಆಗಿರುವ ಮಸ್ಟ್ಯಾಂಗ್‌ನಂಥ ಕಾರುಗಳಿಗೆ ಈ ಲೆಕ್ಕ ತಲೆಕೆಳಗು. ಡೈನಾಕಾರ್ನ್ ಕಂಪನಿ 1960ರ ದಶಕದ ಮಸ್ಟ್ಯಾಂಗ್, ಕಮಾರೊಗಳ ಪೂರ್ತಿ ಉಕ್ಕಿನ ಶೆಲ್ ಮಾಡಿ ಮಾರುತ್ತದೆ, ಚೆನ್ನಾಗಿಯೇ ಇವೆ. ಆದರೆ ಹಳೆಯ ಮಸ್ಟ್ಯಾಂಗ್‌ನಲ್ಲಿ ನಂಬರ್ ಒತ್ತಿರುವುದು ಎಂಜಿನ್ ಪಕ್ಕದ ಒಳಗಿನ ತಗಡಿನ ಮೇಲೆ. ಅದನ್ನು ಕತ್ತರಿಸಿ ಹೊಸ ಶೆಲ್ಲಿಗೆ ಬೆಸೆದು ‘ಇದೇ ಆ ಕಾರು’ ಎಂದು ಮಾರಿದರೆ ಫೆಡರಲ್ ಕಾನೂನಿನ ಕೈಗೆ ಸಿಕ್ಕಿಬೀಳುತ್ತೀರಿ. ಹೊಸ ಶೆಲ್ ಕೊಂಡವರು ಅದನ್ನು ಹೊಸ ಕಾರೆಂದೇ ನೋಂದಾಯಿಸಬೇಕು.

ಭಾರತಕ್ಕೆ ಒಯ್ಯುವ ಅಥವಾ ಅಲ್ಲಿರುವ ಹಳೆಯ ಕಾರಿನ ಮೇಲೆ ಇದೇ ಪ್ರಯೋಗ ಮಾಡುವ ಆಲೋಚನೆ ಇರುವವರಿಗೆ ಒಂದು ಎಚ್ಚರಿಕೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ ಸಾಲದು, ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡೂ ಆಗಿರಬಾರದು. ಅಂಥ ಕಾರಿಗೆ ಮಾತ್ರ ‘ವಿಎ’ ಸರಣಿಯ ನಂಬರ್, 20,000 ರೂಪಾಯಿ ಶುಲ್ಕಕ್ಕೆ, 10 ವರ್ಷದ ಅವಧಿಗೆ. ಅಮೆರಿಕದ ಹಾಟ್‌ರಾಡ್ ಆಗಲಿ, ಹೊಸ ಶೆಲ್ ಹಾಕಿದ ಕಾರಾಗಲಿ ಆ ಬಾಗಿಲಲ್ಲಿ ಒಳಗೆ ಬರುವುದಿಲ್ಲ.

ಕೊನೆಗೆ ಕೊಳ್ಳುವವರಿಗೆ. ಕಟ್ಟಿ ಮುಗಿದ 1932ರ ರೋಡ್‌ಸ್ಟರ್ ಕೊಳ್ಳುವಾಗ ‘ಆಲ್ ಸ್ಟೀಲ್’ ಎಂಬ ಜಾಹೀರಾತಿಗೆ ಬೆರಗಾಗಬೇಡಿ. ಬ್ರೂಕ್‌ವಿಲ್ ಬಾಡಿಯೂ ಆಲ್ ಸ್ಟೀಲೇ. ಬಾಡಿ ಯಾರದು, ಚಾಸಿ ಯಾರದು, ಯಾವ ತಗಡು ಬದಲಾಗಿದೆ, ನಂಬರ್ ಎಲ್ಲಿದೆ, ಈ ನಾಲ್ಕನ್ನು ಬರಹದಲ್ಲಿ ಕೇಳಿ, ಕಟ್ಟುವಾಗಿನ ಫೋಟೋ ತೋರಿಸಲು ಹೇಳಿ. ಬಾಡಿ ಕೊಂಡ ರಸೀದಿ ಹಾಜರು ಮಾಡಿದವರ ಕಾರಿಗೆ ಸ್ವಲ್ಪ ಹೆಚ್ಚೇ ಕೊಡಬಹುದು. ಅಸಲಿ ಎಂದು ಅಸಲಿ ಬೆಲೆ ಹೇಳುವವರು ಹಿಂದಿನ ನಂಬರ್ ನೋಡಲು ಬಾಡಿಯ ಬೋಲ್ಟು ಸಡಿಲಿಸಿ ಎತ್ತಲು ಒಪ್ಪದಿದ್ದರೆ, ಹೊಸ ಬಾಡಿಯ ಕಾರಿನ ಬೆಲೆಯಷ್ಟೇ ಹೇಳಿ.